ಅಪ್ಪ ಕೂರಿಸಿದ ಕೂಲರ್

ಮಗಳ ಕಂಪ್ಯೂಟರ್ ಆ ವಾರದಲ್ಲಿ ಮೂರನೇ ಸಲ ಕಣ್ಣು ಮುಚ್ಚಿದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅದು ನಿಲ್ಲುವ ಮುಂಚೆ ಮಾಡುವ ಸದ್ದು ಎಲ್ಲರಿಗೂ ಬಾಯಿಪಾಠವಾಗಿತ್ತು. ಒಳಗಿನ ಪುಟ್ಟ ಫ್ಯಾನು ಮೊದಲು ಗುಂಯ್‌ಗುಡುತ್ತದೆ, ಆಮೇಲೆ ಕಿರುಚುತ್ತದೆ, ಆಮೇಲೆ ಟಕ್. ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದಳು.

"ಕೂತ್ಕೊಂಡು ತಿನ್ನು. ಅದೇನು ಓಡಿ ಹೋಗಲ್ಲ," ಎಂದಳು ಅಮ್ಮ.

"ಓಡೋದು ನಿಂತಿದ್ದಕ್ಕೇ ಎದ್ದಿದ್ದು ಅಮ್ಮ. ಎಂಟು ಗಂಟೆ ಕೆಲಸ, ಮುಕ್ಕಾಲು ಮುಗಿದಿತ್ತು."

ಮಗಳ ಕೆಲಸ ಏನೆಂದು ಅಜ್ಜಿಗೆ ತಿಳಿಹೇಳಲು ಹೋಗಿ ಮನೆಯವರೆಲ್ಲ ಸೋತಿದ್ದರು. ಇನ್ನೂ ಕಟ್ಟದ ಮನೆಗಳ ಒಳಗು ಹೇಗಿರುತ್ತದೆ, ಕಿಟಕಿಯಿಂದ ಬಿಸಿಲು ಎಲ್ಲಿಗೆ ಬೀಳುತ್ತದೆ, ಸೋಫಾ ಎಲ್ಲಿ ಕೂರುತ್ತದೆ ಎಂದು ಅವಳು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಕೊಡುತ್ತಿದ್ದಳು. "ಇಲ್ಲದ ಮನೆಗೆ ಬಣ್ಣ ಬಳೀತಾಳೆ," ಎಂದು ಅಜ್ಜಿ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಚಿತ್ರ ಪೂರ್ತಿಯಾಗಬೇಕಾದರೆ ಯಂತ್ರ ಗಂಟೆಗಟ್ಟಲೆ ಬಿಡದೆ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕುವ ಬಿಲ್ಲೆಗೆ ಪ್ರೊಸೆಸರ್ ಎಂದು ಹೆಸರು. ಬಿಸ್ಕತ್ತಿನಷ್ಟೇ ಅಗಲದ ಅದು ಕಾದು ಹೆಂಚಾಗುತ್ತಿತ್ತು. ಸುಟ್ಟುಹೋಗುವ ಮುಂಚೆ ಯಂತ್ರ ತಾನಾಗಿಯೇ ನಿಂತುಬಿಡುತ್ತಿತ್ತು.

"ಶಾಖ ಹೊರಗೆ ಹೋಗ್ತಿಲ್ಲ, ಅಷ್ಟೇ," ಎಂದ ಅಪ್ಪ. ಅವನ ಕೈಯಲ್ಲಿದ್ದ ಚಮಚ ತಟ್ಟೆಯ ಅಂಚಿಗೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. "ಅದಕ್ಕಿರೋ ಫ್ಯಾನು ಆಟದ ಸಾಮಾನು. ಆ ಬಿಲ್ಲೆ ಮೇಲೆ ದೊಡ್ಡ ಕೂಲರ್ ಹಾಕ್ಬೇಕು."

"ಚಳಿ ಆಗ್ತಿದೆ ಅಲ್ವೇನೋ ನಿಂಗೆ. ಶಾಲು ಹೊದ್ಕೋ," ಎಂದಳು ಅಜ್ಜಿ, ಅಪ್ಪನ ಕೈ ನೋಡುತ್ತ.

ಆ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು, ಬೇಸಿಗೆಯಲ್ಲೂ ನಡುಗುತ್ತಿತ್ತು. ಅದು ಏನೆಂದು ವೈದ್ಯರು ಹೇಳಿದ್ದರು, ಇನ್ನು ಹೆಚ್ಚುವುದೇ ಹೊರತು ಇಳಿಯುವುದಿಲ್ಲ ಎಂದೂ ಹೇಳಿದ್ದರು. ಅಜ್ಜಿ ಮಾತ್ರ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಲೆಕ್ಕದಲ್ಲಿ ಅದು ಚಳಿ.

ಅಪ್ಪ ನಲವತ್ತು ವರ್ಷ ಫ್ರಿಜ್ಜು ರಿಪೇರಿ ಮಾಡಿದವನು. ಆ ಕಡೆ ನಾಲ್ಕು ಬೀದಿ, ಈ ಕಡೆ ನಾಲ್ಕು ಬೀದಿ, ಚಿಕ್ಕವರಿಂದ ಮುದುಕರ ತನಕ ಎಲ್ಲರಿಗೂ ಅವನು ಫ್ರಿಜ್ಜಣ್ಣ. ಹೆತ್ತ ತಾಯಿ ಅಜ್ಜಿಯೂ ಒಂದೊಂದು ಸಲ ಮರೆತು ಹಾಗೆಯೇ ಕರೆದದ್ದುಂಟು. ಮೂರು ತಿಂಗಳ ಹಿಂದೆ ಅವನು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಯಜಮಾನ ಅವನನ್ನು ಕೂರಿಸಿಕೊಂಡು ಚಹಾ ತರಿಸಿ, "ಸ್ವಲ್ಪ ದಿನ ಮನೇಲಿ ಆರಾಮಾಗಿರಿ. ಬೇಕಾದಾಗ ಹೇಳಿ ಕಳಿಸ್ತೀನಿ," ಎಂದಿದ್ದ. ಹೇಳಿ ಕಳಿಸಲಿಲ್ಲ. ಬೀದಿಯವರು ಮಾತ್ರ ಹಿಂದಿನಂತೆಯೇ ಬಾಗಿಲು ಬಡಿಯುತ್ತಿದ್ದರು, ಅಪ್ಪನೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಹೋದ ತಿಂಗಳು ಯಾರದೋ ಅಡುಗೆಮನೆಯಲ್ಲಿ ತಾಮ್ರದ ಕೊಳವೆಗೆ ಬೆಸುಗೆ ಹಾಕುವಾಗ ಬೆಂಕಿಯ ಕೊಳವೆ ಕೈಯಲ್ಲಿ ಹೊಯ್ದಾಡಿ ಕಿಟಕಿಯ ಪರದೆ ಹೊತ್ತಿಕೊಂಡಿತು. ಆ ಮನೆಯವರು ದೊಡ್ಡ ಮನಸ್ಸಿನವರು, ನಕ್ಕು ಕಳಿಸಿದರು. ಅಮ್ಮ ನಗಲಿಲ್ಲ. ಹೊಸ ಪರದೆ ಹೊಲಿದು ತಾನೇ ಹೋಗಿ ಕಟ್ಟಿ ಬಂದಳು. ಮನೆಯಲ್ಲಿ ಕೂತು ಬಟ್ಟೆ ಹೊಲಿಯುವುದು ಅವಳ ಕಸುಬು.

ಕೂಲರ್ ಆರಿಸುವುದರಲ್ಲಿ ಒಂದು ವಾರ ಕಳೆಯಿತು, ಮತ್ತು ಸುಳ್ಳೇಕೆ, ಆ ವಾರ ಮನೆ ಚೆನ್ನಾಗಿತ್ತು. ಮಗಳು ಫೋನಿನಲ್ಲಿ ಒಂದೊಂದೇ ತೋರಿಸುವುದು, ಅಪ್ಪ ಕನ್ನಡಕ ಏರಿಸಿ ನೋಡುವುದು.

"ಇದು ನೀರಿಂದ ತಣ್ಣಗಾಗೋದು ಅಪ್ಪ. ಒಳಗೆ ಕೊಳವೆಯಲ್ಲಿ ನೀರು ಓಡಾಡುತ್ತೆ."

"ನೀರಾ? ಕರೆಂಟಿನ ನಡುವೆ? ಬೇಡ. ನಾನು ಹುಟ್ಟಿದಾಗಿಂದ ಸೋರದ ಕೊಳವೆ ನೋಡಿಲ್ಲ. ಗಾಳಿಯದ್ದು ತೋರಿಸು."

ಗಾಳಿಯದ್ದು ತೋರಿಸಿದಳು. ತಗಡಿನ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ ಎರಡು ಗೋಪುರ, ನಡುವೆ ಒಂದು ಫ್ಯಾನು, ಮುಂದೆ ಇನ್ನೊಂದು, ಬುಡದಿಂದ ಆರು ತಾಮ್ರದ ಕೊಳವೆ. ಅಪ್ಪನ ಮುಖ ಅರಳಿತು.

"ಅಯ್ಯೋ, ಇದು ನಮ್ಮ ಫ್ರಿಜ್ಜಿನ ಬೆನ್ನಿಗಿರೋ ಜಾಲರಿಯ ತಮ್ಮ ಅಲ್ವಾ! ಶಾಖ ಕೊಳವೆ ಹಿಡ್ಕೊಂಡು ಮೇಲೆ ಹತ್ತುತ್ತೆ, ಹಾಳೆಗಳು ಹಂಚ್ಕೊಳ್ಳುತ್ವೆ, ಫ್ಯಾನು ಹೊರಗೆ ತಳ್ಳುತ್ತೆ. ಇದಕ್ಕೆ ಕಂಪ್ಯೂಟರ್ ಓದ್ಬೇಕಾ?"

ಮಗಳಿಗೆ ಒಂದು ಹಿಡಿಸಿತು. ಅಪ್ಪ ಹಣ ಕಟ್ಟಲು ಬಿಡಲಿಲ್ಲ. ಕಂಪ್ಯೂಟರಿನ ಡಬ್ಬಿಯ ಬಾಗಿಲು ತೆಗೆಸಿ, ಸ್ಟೀಲಿನ ಅಳತೆಪಟ್ಟಿ ಹಿಡಿದು, ಮಣಿಕಟ್ಟನ್ನು ಡಬ್ಬಿಯ ಅಂಚಿಗೆ ಒತ್ತಿ ಕೈಯನ್ನು ಸುಮ್ಮನಾಗಿಸಿ ಅಳೆದ. ಪ್ರೊಸೆಸರಿನಿಂದ ಬಾಗಿಲಿನವರೆಗೆ ಹದಿನಾರು ಸೆಂಟಿಮೀಟರ್.

"ಇದು ಹದಿನೈದೂವರೆ ಅಂತ ಬರೆದಿದ್ದಾರೆ. ಹಿಡಿಯುತ್ತೆ," ಎಂದಳು ಮಗಳು.

"ಅದು ಗೋಪುರದ ಎತ್ತರ. ಈ ಮುಂದಿನ ಫ್ಯಾನು ಎಲ್ಲಿ ಕೂರುತ್ತೆ ನೋಡು. ಈ ಮೆಮೊರಿ ಪಟ್ಟಿಗಳ ತಲೆ ಮೇಲೆ. ಅವು ಅದನ್ನ ಮೇಲೆತ್ತುತ್ವೆ. ಆಗ ಬಾಗಿಲು ಮುಚ್ಚಲ್ಲ. ಅಡ್ಡಕ್ಕೆ ಸ್ವಲ್ಪ ಚಿಕ್ಕದು ಹುಡುಕು."

ಮಗಳು ಹುಡುಕಿ ನೋಡಿದಳು. ಅಪ್ಪ ಹೇಳಿದ್ದೇ ಸರಿ. ಅದನ್ನು ಕೊಂಡವರು ಬಾಗಿಲು ಮುಚ್ಚದೆ ಗೋಳಾಡಿದ್ದನ್ನು ಬರೆದೂ ಇದ್ದರು. ಅಪ್ಪ ಆ ದಿನ ಎರಡು ಸಲ ಬಡಿಸಿಕೊಂಡು ಉಂಡ.

ಅಪ್ಪ ಒಪ್ಪಿದ ಕೂಲರ್ ಬಂದ ಸಂಜೆ ಜಗಳವಾಯಿತು. ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮಗಳಿಗಿಂತ ಐದು ವರ್ಷ ದೊಡ್ಡವನು, ನಿಂತ ಕಾಲಲ್ಲೇ ಮಾತಾಡುವವನು.

"ನಾಳೆ ಕಂಪ್ಯೂಟರ್ ಅಂಗಡಿಗೆ ಹೊತ್ಕೊಂಡು ಹೋಗ್ತೀನಿ. ಅರ್ಧ ಗಂಟೇಲಿ ಕೂರಿಸಿ ಕೊಡ್ತಾರೆ."

"ಯಾಕೆ? ನಾನಿಲ್ವಾ?" ಎಂದ ಅಪ್ಪ.

"ಅಪ್ಪ, ಅದು ಫ್ರಿಜ್ಜಲ್ಲ."

"ಅಲ್ಲ ಅಂತ ನಂಗೂ ಗೊತ್ತು. ನಾಲ್ಕು ಸ್ಕ್ರೂ ಇದೆ."

"ನಾಲ್ಕು ಸ್ಕ್ರೂ ಹಾಕೋದು ನೋಡಿದೀನಿ. ಹೋದ ವಾರ ಬಲ್ಬ್ ಹಾಕೋಕೆ ಹೋಗಿ ಎರಡು ಒಡೆದೆ."

"ಲೋ," ಎಂದಳು ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಹೇಳ್ಲಿ ಬಿಡು," ಎಂದ ಅಪ್ಪ. "ನೀವೆಲ್ಲ ಅಡುಗೆಮನೇಲಿ ಮಾತಾಡ್ಕೊಳ್ಳೋದನ್ನ ಅವನು ಎದುರಿಗೆ ಹೇಳ್ದ. ಸರಿ. ಒಂದು ಮಾತು ಕೇಳಿ. ಇದನ್ನ ನಾನು ಕೂರಿಸ್ತೀನಿ. ಸರಿಯಾಗಿ ಕೂತ್ರೆ ಆಮೇಲೆ ನಾನು ಕೆಲಸಕ್ಕೆ ಹೊರಟಾಗ ಯಾರೂ ಬಾಗಿಲಿಗೆ ಅಡ್ಡ ನಿಲ್ಬಾರದು. ಕೂರ್ಲಿಲ್ಲ ಅಂದ್ರೆ ನಾನೇ ಬಿಡ್ತೀನಿ. ಆವತ್ತಿಂದ ಯಾರ ಮನೆ ಫ್ರಿಜ್ಜಿಗೂ ಕೈ ಹಾಕಲ್ಲ."

ಮಗ ಏನೋ ಹೇಳಲು ಹೋದ. ಮಗಳು ಅಣ್ಣನ ಕಾಲು ತುಳಿದಳು.

"ಕೂರಿಸಪ್ಪ. ನಂದೇ ಕಂಪ್ಯೂಟರ್, ನಾನು ಹೇಳ್ತಿದೀನಿ," ಎಂದಳು.

ರಜೆಯ ದಿನ ಬೆಳಿಗ್ಗೆ ಅಮ್ಮ ಬಟ್ಟೆ ಕತ್ತರಿಸುವ ಮೇಜನ್ನು ಬಿಟ್ಟುಕೊಟ್ಟು ಅದರ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿದಳು. ಸ್ಕ್ರೂಗಳು ಕಾಣಲಿ ಎಂದು. ಮಗಳು ಪ್ಲಗ್ ಸಿಕ್ಕಿಸಿ ಯಂತ್ರದ ಗುಂಡಿ ಒತ್ತಲು ಹೋದಳು.

"ಏನು ಮಾಡ್ತಿದೀಯಾ?"

"ಹತ್ತು ನಿಮಿಷ ಓಡಿಸಿ ಬಿಸಿ ಮಾಡ್ಬೇಕಂತೆ ಅಪ್ಪ. ಕೂಲರ್ ಅಡಿಗೆ ಹಚ್ಚಿರೋ ಹಳೇ ಪೇಸ್ಟ್ ಗಟ್ಟಿಯಾಗಿರುತ್ತೆ, ಬಿಸಿಯಾದ್ರೆ ಸಲೀಸಾಗಿ ಬಿಡುತ್ತೆ ಅಂತ ಓದಿದೆ."

"ಬಿಸಿ ಯಂತ್ರಕ್ಕೆ ಕೈ ಹಾಕ್ಬಾರದು. ನಿನ್ನೆ ಸಂಜೆಯಿಂದ ಪ್ಲಗ್ ಕಿತ್ತಿಟ್ಟಿದ್ದು ಯಾಕೆ ಮತ್ತೆ? ನಲವತ್ತು ವರ್ಷದಲ್ಲಿ ನಾನು ಒಂದೇ ಒಂದು ಸಲ ಬಿಸಿ ಯಂತ್ರ ಮುಟ್ಟಿಲ್ಲ. ಅದಕ್ಕೇ ಹತ್ತು ಬೆರಳೂ ಇವೆ."

ಹೌದು, ಹತ್ತೂ ಇದ್ದವು. ಮಗಳು ಗುಂಡಿಯಿಂದ ಬೆರಳು ತೆಗೆದು ಪ್ಲಗ್ ಕಿತ್ತಳು. ಆಮೇಲೆ ಎಷ್ಟೋ ದಿನ ಬಸ್ಸಿನಲ್ಲಿ ನಿಂತು ಅವಳು ನೆನೆದು ನೆನೆದು ಸಂಕಟಪಟ್ಟಿದ್ದು ಇದನ್ನೇ. ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ.

ಹಳೆಯ ಕೂಲರಿನ ಕೊಂಡಿ ಬಿಚ್ಚಿದ್ದಾಯಿತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ವರ್ಷಗಳಿಂದ ಒಣಗಿ ಗಾರೆಯಾಗಿತ್ತು. ಅಪ್ಪ ಮೆಲ್ಲಗೆ ತಿರುಗಿಸಿದ. ಅದು ಅಲುಗಲಿಲ್ಲ. ಇನ್ನೊಂದು ಸಲ ತಿರುಗಿಸಿದ. ಆಗ ಕೈ ಒಂದು ಸಲ ಜಗ್ಗಿತು. ಚಟ್ ಎಂದು ಕೂಲರ್ ಮೇಲೆ ಬಂತು. ಅದರ ಅಡಿಗೆ ಅಂಟಿಕೊಂಡು ಪ್ರೊಸೆಸರೂ ಬೇರುಸಹಿತ ಬಂತು. ಬೇರು ಎಂದರೆ ಕೂದಲಿನಷ್ಟು ಸಣ್ಣ ಸಾವಿರಕ್ಕೂ ಹೆಚ್ಚು ಚಿನ್ನದ ಬಣ್ಣದ ಕಡ್ಡಿಗಳು. ಒಂದು ಮೂಲೆಯಲ್ಲಿ ಏಳೆಂಟು ಮಲಗಿಬಿಟ್ಟಿದ್ದವು.

ಮಗ ಗೋಡೆಗೆ ಒರಗಿ ನಿಂತಿದ್ದವನು ನೆಟ್ಟಗಾದ. ಅಮ್ಮ ಅವನ ತೋಳು ಹಿಡಿದುಕೊಂಡಳು.

"ಬಾಗಿದೆ, ಅಷ್ಟೇ. ನೆಟ್ಟಗೆ ಮಾಡಿದ್ರೆ ಆಯ್ತು. ಒಂದು ಸೂಜಿ ಕೊಡು," ಎಂದ ಅಪ್ಪ.

ಅಮ್ಮ ತನ್ನ ಡಬ್ಬಿಯಿಂದ ಅತಿ ಸಣ್ಣ ಸೂಜಿ ಹುಡುಕಿ ಕೊಟ್ಟಳು. ಅಪ್ಪ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಒಂದೊಂದೇ ಕಡ್ಡಿ ಎಬ್ಬಿಸಿದ. ಒಂದು ಗಂಟೆ ಹಿಡಿಯಿತು. ಹಣೆಯ ಬೆವರು ಕನ್ನಡಕದ ಮೇಲೆ ಬಿದ್ದಾಗ ಮಗಳು ಒರೆಸಿ ಕೊಟ್ಟಳು. ಹಾಗೆ ಒರೆಸಿ ಕೊಡುವಾಗಲೇ ಬಿಳಿ ಬಟ್ಟೆಯ ಮೇಲೆ ಒಂದು ಚಿನ್ನದ ಚೂರು ಮಿನುಗಿದ್ದು ಅವಳ ಕಣ್ಣಿಗೆ ಬಿತ್ತು. ಅದರ ಪಕ್ಕ ಇನ್ನೊಂದು. ಎರಡು ಕಡ್ಡಿ ಮುರಿದಿದ್ದವು. ಅವಳು ಬೆರಳಿನಿಂದ ಒತ್ತಿ ಅವನ್ನು ಎತ್ತಿಕೊಂಡು ಲಂಗಕ್ಕೆ ಒರೆಸಿಕೊಂಡಳು.

"ಕೂತ್ಕೊಳ್ತು," ಎಂದ ಅಪ್ಪ. ಹೊಸ ಪೇಸ್ಟ್ ಹಚ್ಚಿದ. ಗೋಪುರಗಳನ್ನು ಇಳಿಸಿ, ನಾಲ್ಕು ಸ್ಕ್ರೂಗಳನ್ನು ಒಂದು ಮೂಲೆ ಬಿಟ್ಟು ಇನ್ನೊಂದು ಮೂಲೆಗೆ, ಎರಡೆರಡೇ ಸುತ್ತು ಬಿಗಿಮಾಡಿದ. ಫ್ಯಾನಿನ ತಂತಿ ಸಿಕ್ಕಿಸಿದ. ಬಾಗಿಲು ಹಾಕಿದ. ಅವನು ಹೇಳಿದ್ದಂತೆ ಒಂದು ಎಳೆ ಜಾಗ ಉಳಿದು ಸರಿಯಾಗಿ ಮುಚ್ಚಿಕೊಂಡಿತು.

"ಒತ್ತು."

ಮಗಳು ಗುಂಡಿ ಒತ್ತಿದಳು. ದೀಪ ಹತ್ತಿತು. ದೊಡ್ಡ ಫ್ಯಾನು ಉಸಿರೆಳೆದುಕೊಂಡಂತೆ ತಿರುಗಲು ಶುರುವಾಯಿತು, ಸದ್ದೇ ಇಲ್ಲ. ಪರದೆ ಮಾತ್ರ ಕಪ್ಪಾಗಿತ್ತು. ಅದು ಇನ್ನು ಬೆಳಗುವುದಿಲ್ಲ ಎಂದು ಅವಳಿಗೊಬ್ಬಳಿಗೆ ಗೊತ್ತಿತ್ತು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಪರೀಕ್ಷೆ ಬರೆದು ಬಂದ ಮಕ್ಕಳು ಹಾಗೆ ನೋಡುತ್ತವೆ.

"ಓಡ್ತಿದೆ ಅಪ್ಪ," ಎಂದಳು ಮಗಳು. "ಪರದೆಯ ತಂತಿ ಆಮೇಲೆ ಹಾಕ್ತೀನಿ. ಎಷ್ಟು ಮೆತ್ತಗೆ ಓಡ್ತಿದೆ ನೋಡು."

ಅಪ್ಪ ಕುರ್ಚಿಯಲ್ಲಿ ಕುಸಿದು ಕೂತು ನಕ್ಕ. ಅಜ್ಜಿ ಒಳಗಿನಿಂದ ಶಾಲು ತಂದು ಅವನ ಹೆಗಲಿಗೆ ಹಾಕಿದಳು. ಬೆವರಿ ಒದ್ದೆಯಾಗಿದ್ದ ಹೆಗಲಿಗೆ.

ಆ ಒಂದು ಸುಳ್ಳನ್ನು ಸಾಕಲು ಎಷ್ಟು ದುಡಿಯಬೇಕಾಯಿತೋ ನೋಡಿ. ಆ ರಾತ್ರಿಯೇ ಮಗಳು ಅಮ್ಮನಿಗೂ ಅಣ್ಣನಿಗೂ ನಿಜ ಹೇಳಿದಳು. ಮಗಳು ಹಳೆಯ ಲ್ಯಾಪ್‌ಟಾಪೊಂದನ್ನು ಮೇಜಿನ ಕೆಳಗೆ, ಬಟ್ಟೆಯ ಗಂಟಿನ ಹಿಂದೆ ಬಚ್ಚಿಟ್ಟು ಅದರ ತಂತಿಯನ್ನು ಪರದೆಗೆ ಕೊಟ್ಟಳು. ಪರದೆ ಬೆಳಗಿತು. ಮೇಲೆ ದೊಡ್ಡ ಡಬ್ಬಿಯಲ್ಲಿ ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಪತ್ರ ಓದಬಹುದಿತ್ತು, ಚಿತ್ರ ಮಾಡಲು ಆಗುತ್ತಿರಲಿಲ್ಲ. ಅದಕ್ಕೆ ಊರಿನ ಆ ತುದಿಯ ಗೆಳತಿಯೊಬ್ಬಳ ಕಚೇರಿಗೆ ಹೋಗಬೇಕಿತ್ತು. ಎರಡು ಬಸ್ಸು, ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡು. ಅಲ್ಲಿಯವರು ಊಟಕ್ಕೆ ಎದ್ದಾಗ ಮತ್ತು ಸಂಜೆ ಮನೆಗೆ ಹೊರಟ ಮೇಲೆ ಅವರ ಯಂತ್ರ ಅವಳಿಗೆ ಸಿಗುತ್ತಿತ್ತು.

"ಹೊಸ ಗಿರಾಕಿ ಅಪ್ಪ. ಅವರ ಜಾಗಕ್ಕೇ ಬಂದು ಕೆಲಸ ಮಾಡ್ಬೇಕಂತೆ," ಎಂದಿದ್ದಳು.

ದಿನಾ ಬೆಳಿಗ್ಗೆ ಹೊರಡುವ ಮುಂಚೆ ಡಬ್ಬಿಯ ಗುಂಡಿ ಒತ್ತಿ, "ದೊಡ್ಡ ಕೆಲಸಕ್ಕೆ ಹಾಕಿ ಹೋಗ್ತಿದೀನಿ, ಆರಿಸ್ಬೇಡಿ," ಎಂದು ಕೂಗಿ ಹೇಳುತ್ತಿದ್ದಳು. ಅಪ್ಪ ಬಂದು ಡಬ್ಬಿಯ ಹಿಂದೆ, ಗಾಳಿ ಹೊರಬರುವ ಕಡೆ, ಅಂಗೈ ಹಿಡಿದು ನಿಲ್ಲುತ್ತಿದ್ದ.

"ಹೇಗಿದೆ ಅಪ್ಪ?"

"ತಂಪಾಗಿದೆ," ಎನ್ನುತ್ತಿದ್ದ ಅಪ್ಪ. "ತುಂಬಾ ತಂಪಾಗಿದೆ."

ಅದನ್ನು ಕೇಳಿದರೆ ಮಗಳಿಗೆ ಆ ದಿನದ ಎರಡು ಬಸ್ಸೂ ಹಗುರವಾಗುತ್ತಿದ್ದವು.

ಮಗನ ತಾಳ್ಮೆ ಎರಡನೇ ವಾರಕ್ಕೆ ಮುಗಿಯಿತು. ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಡುಗೆಮನೆಗೆ ಬಂದ. ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು, ಮಗಳು ನಿಂತೇ ಬ್ರೆಡ್ಡು ತಿನ್ನುತ್ತಿದ್ದಳು.

"ಎಷ್ಟು ದಿನ ಈ ನಾಟಕ?"

"ಮೆಲ್ಲಗೆ ಮಾತಾಡು," ಎಂದಳು ಅಮ್ಮ.

"ಮೆಲ್ಲಗೇ ಹೇಳ್ತೀನಿ. ಅವಳ ಮುಖ ನೋಡು. ಕಾಲು ನೋಡು, ಊದ್ಕೊಂಡಿದೆ. ಒಬ್ಬ ಗಿರಾಕಿ ಆಗ್ಲೇ ಬಿಟ್ಟು ಹೋದ. ಅದೆಲ್ಲ ಇರ್ಲಿ. ಅಪ್ಪ ಏನು ಹೇಳಿದ್ದ? ಸರಿಯಾಗಿ ಕೂತ್ರೆ ಕೆಲಸಕ್ಕೆ ಹೋಗೋದನ್ನ ತಡೀಬೇಡಿ ಅಂದಿದ್ದ. ನಾಳೆ ಬೆಂಕಿ ಕೊಳವೆ ಹಿಡ್ಕೊಂಡು ಯಾರದೋ ಮನೆಗೆ ಹೋಗ್ತಾನೆ. ಆವತ್ತು ಕಿಟಕಿ ಪರದೆ ಸುಟ್ಟಿದ್ದು. ಇನ್ನೊಂದಿನ ಏನು ಸುಡುತ್ತೋ."

"ಹಾಗಾದ್ರೆ ಹೋಗಿ ಹೇಳು," ಎಂದಳು ಮಗಳು. "ಸ್ನಾನ ಮುಗಿಸಿ ಬರ್ತಾನೆ. ಕೂರಿಸ್ಕೊಂಡು ಹೇಳು. ನಿನ್ನ ಕೈಗೆ ಇನ್ನು ಯಾವ ಕೆಲಸಾನೂ ಬರಲ್ಲ ಅಪ್ಪ ಅಂತ. ನಂಗೆ ಆಗ್ಲಿಲ್ಲ. ನಿಂಗೆ ಆಗುತ್ತಾ?"

ಮಗ ತಟ್ಟೆಯಲ್ಲಿದ್ದ ಒಂದು ಹೋಳು ಹಸಿ ಆಲೂಗಡ್ಡೆ ಬಾಯಿಗೆ ಹಾಕಿಕೊಂಡು ಅಗಿಯುತ್ತ ಹೊರಗೆ ಹೋದ. ಅವನಿಗೂ ಆಗುವುದಿಲ್ಲ ಎಂದು ಮೂವರಿಗೂ ತಿಳಿದುಹೋಯಿತು.

ಆದರೆ ಅವನು ಹೆದರಿದ್ದು ಆಗಲಿಲ್ಲ. ಬಾಗಿಲು ಬಡಿದವರಿಗೆ ಅಪ್ಪ ಒಂದೊಂದು ನೆಪ ಹೇಳಿ ಕಳಿಸತೊಡಗಿದ. ಒಬ್ಬರಿಗೆ ಬೆನ್ನು ನೋವು ಎಂದ. ಇನ್ನೊಬ್ಬರಿಗೆ, "ಹಳೇ ಫ್ರಿಜ್ಜು, ದುಡ್ಡು ಸುರೀಬೇಡಿ, ಹೊಸದು ತಗೊಳ್ಳಿ," ಎಂದ. ಮತ್ತೊಬ್ಬರಿಗೆ ಅಂಗಡಿಯ ಹೊಸ ಹುಡುಗನ ಹೆಸರು ಹೇಳಿದ.

"ಯಾಕೆ ರೀ ಹೋಗ್ಲಿಲ್ಲ?" ಎಂದು ಅಮ್ಮ ಕೇಳಿದಳು, ಒಳಗೊಳಗೆ ದೇವರಿಗೆ ಕೈ ಮುಗಿಯುತ್ತ.

"ಮನಸ್ಸಾಗ್ಲಿಲ್ಲ. ಅವಳ ಕಂಪ್ಯೂಟರಿಗೆ ಮಾಡಿದ್ದೇ ಸಾಕು ಅನ್ಸಿದೆ," ಎಂದ ಅಪ್ಪ.

ಮನೆಯವರು ಅದನ್ನು ತೃಪ್ತಿ ಎಂದುಕೊಂಡರು. ನಮ್ಮ ಸುಳ್ಳಿನಿಂದ ಮನುಷ್ಯನಿಗೆ ಎಷ್ಟು ಸಮಾಧಾನವಾಗಿದೆ ನೋಡು ಎಂದು ಅಮ್ಮ ಮಗಳಿಗೆ ಪಿಸುಗುಟ್ಟಿದಳು. ಈಗ ಅಪ್ಪ ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದ. ಅಮ್ಮ ಅವನ ಚಹಾ ಅರ್ಧ ಲೋಟವಷ್ಟೇ ಬಗ್ಗಿಸುತ್ತಿದ್ದಳು, ಚೆಲ್ಲದಿರಲಿ ಎಂದು. ಅವನು ಉಳಿದರ್ಧ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಸಂಜೆ ಮಗಳು ಬರುವ ಹೊತ್ತಿಗೆ ಅವನು ಬಕೆಟ್ಟಿನಲ್ಲಿ ಬಿಸಿನೀರು ತುಂಬಿ ಇಡಲು ಶುರುಮಾಡಿದ.

"ಕಾಲು ಇಟ್ಕೊಂಡು ಕೂತ್ಕೋ," ಎನ್ನುತ್ತಿದ್ದ.

"ಯಾಕಪ್ಪಾ ಇದೆಲ್ಲ?"

"ನಂಗೇನು ಬೇರೆ ಕೆಲಸ ಇದೆಯಾ."

ಬಕೆಟ್ಟು ತರುವಷ್ಟರಲ್ಲಿ ಅರ್ಧ ನೀರು ದಾರಿಗುಂಟ ಚೆಲ್ಲಿರುತ್ತಿತ್ತು. ಅಜ್ಜಿ ಬೈಯುತ್ತ ಒರೆಸುತ್ತಿದ್ದಳು. ಮಗಳು ಉಳಿದ ನೀರಿನಲ್ಲಿ ಕಾಲಿಟ್ಟು, ಆ ದಿನ ಕಂಪ್ಯೂಟರ್ ಎಷ್ಟು ಚೆನ್ನಾಗಿ ಕೆಲಸ ಮಾಡಿತು ಎಂದು ಕಥೆ ಹೇಳುತ್ತಿದ್ದಳು. ಅಪ್ಪ ಹೂಂಗುಡುತ್ತಿದ್ದ.

ಐದನೇ ವಾರ ಮಗ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ತಂಗಿಯ ಮುಂದಿಟ್ಟ. ಒಳಗೆ ಪ್ರೊಸೆಸರ್. ಯಾರೋ ಬಳಸಿ ಮಾರಿದ್ದು, ಕಡ್ಡಿಗಳೆಲ್ಲ ನೆಟ್ಟಗಿದ್ದವು.

"ಎಲ್ಲಿ ಸಿಕ್ತು?"

"ಎಲ್ಲೋ ಸಿಕ್ತು. ಮಾತು ಬೇಡ. ನಾಳೆ ಅಮ್ಮ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾಳೆ. ನಾನು ರಜೆ ಹಾಕ್ತೀನಿ. ಕೂರಿಸಿಬಿಡೋಣ. ಆಮೇಲೆ ಈ ಸುಳ್ಳು ಸುಳ್ಳಾಗಿ ಉಳಿಯಲ್ಲ, ಯಾರಿಗೂ ಏನೂ ಹೇಳೋದೂ ಬೇಡ."

ಮಾರನೇ ದಿನ ಅಣ್ಣತಂಗಿ ಕೂಲರ್ ಬಿಚ್ಚಿದರು. ಅಪ್ಪ ಬಿಗಿದ ನಾಲ್ಕು ಸ್ಕ್ರೂಗಳೂ ಒಂದೇ ಸಮ ಬಿಗಿಯಾಗಿದ್ದವು. ಪೇಸ್ಟ್ ಅಂಚಿನವರೆಗೆ ಸಮನಾಗಿ ಹರಡಿತ್ತು. "ಇದರಲ್ಲಿ ಒಂದೂ ತಪ್ಪಿಲ್ಲ," ಎಂದ ಮಗ. ಹೊಸ ಪ್ರೊಸೆಸರ್ ಇಟ್ಟು, ಅದೇ ಗೋಪುರಗಳನ್ನು ಅಪ್ಪ ಮಾಡಿದ ಹಾಗೆಯೇ ಮೂಲೆಯಿಂದ ಮೂಲೆಗೆ ಬಿಗಿದು ಗುಂಡಿ ಒತ್ತಿದರು. ಪರದೆ ಬೆಳಗಿತು. ಮಗಳು ಮೇಜಿನ ಕೆಳಗಿನ ಲ್ಯಾಪ್‌ಟಾಪ್ ತೆಗೆದು ಕಪಾಟಿಗೆ ಹಾಕಿದಳು. ಐದು ವಾರದಿಂದ ಉಳಿದಿದ್ದ ದೊಡ್ಡ ಚಿತ್ರವೊಂದನ್ನು ಕೆಲಸಕ್ಕೆ ಹಚ್ಚಿದಳು. ನಾಲ್ಕು ಗಂಟೆಯಾದರೂ ಯಂತ್ರ ನಿಲ್ಲಲಿಲ್ಲ. ಅಪ್ಪ ಆರಿಸಿದ ಕೂಲರ್ ಗಟ್ಟಿಗ.

ಅಪ್ಪ ಅಮ್ಮ ಸಂಜೆ ಐದಕ್ಕೆ ಬಂದರು. ಗುಳಿಗೆ ಹೆಚ್ಚು ಮಾಡಿ ಕೊಟ್ಟಿದ್ದರು. ಅಪ್ಪ ಚಪ್ಪಲಿ ಬಿಟ್ಟು, ಕೈ ತೊಳೆದು, ದಿನದ ಅಭ್ಯಾಸದಂತೆ ಡಬ್ಬಿಯ ಹಿಂದೆ ಹೋಗಿ ಅಂಗೈ ಹಿಡಿದ.

ಹಿಡಿದವನು ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಹಿಡಿದ.

"ಹೇಗಿದೆ ಅಪ್ಪ?" ಎಂದಳು ಮಗಳು.

"ಬಿಸಿ ಬರ್ತಿದೆ," ಎಂದ ಅಪ್ಪ. "ಇವತ್ತು ರಿಪೇರಿ ಮಾಡಿಸಿದ್ರಾ?"

ಹೊಲಿಗೆ ಯಂತ್ರ ನಿಂತಿತು. ಮಗ ಎದ್ದು ನಿಂತ.

"ಏನಪ್ಪಾ ಹಾಗಂದ್ರೆ?"

"ಕೆಲಸ ಮಾಡೋ ಯಂತ್ರ ಶಾಖ ಹೊರಗೆ ಹಾಕ್ಬೇಕು ಮಗಳೇ. ನಲವತ್ತು ವರ್ಷ ನಾನು ನೋಡಿದ್ದು ಅದೊಂದೇ. ಕೂರಿಸಿದ ಮಾರನೇ ದಿನ ಕೈ ಹಿಡಿದೆ. ಗಾಳಿ ತಣ್ಣಗಿತ್ತು. ಒಳಗೆ ಏನೂ ನಡೀತಿಲ್ಲ ಅಂದ್ರೆ ಮಾತ್ರ ಹಾಗೆ ಬರೋದು."

"ಅವತ್ತೇ ಗೊತ್ತಿತ್ತಾ?"

"ಅವತ್ತೇ."

ಮಗಳು ಅಳಲು ಶುರುಮಾಡಿದಳು. "ಮತ್ತೆ ಯಾಕಪ್ಪಾ ಹೇಳ್ಲಿಲ್ಲ?"

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಬೆಚ್ಚಗಾದ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡ.

"ಹೇಳ್ಬೇಕು ಅಂತಾನೇ ದಿನಾ ಎದ್ದೆ. ಹೇಳಿದ್ರೆ ಮುಗೀತು ಅಲ್ವಾ. ಇವತ್ತೊಂದಿನ ಹೋಗ್ಲಿ, ನಾಳೆ ಹೇಳೋಣ ಅಂದ್ಕೊಂಡೆ. ನೀವೆಲ್ಲ ನನ್ನನ್ನ ಕೆಲಸಗಾರ ಅಂತ ನೋಡ್ತಿದ್ರಿ. ಸುಳ್ಳೇ ಆದ್ರೂ ನೋಡ್ತಿದ್ರಿ. ನಿನ್ನ ಕಾಲು ಊದೋದು ಕಂಡಿತ್ತು. ಕಂಡೂ ಬಾಯಿ ಮುಚ್ಕೊಂಡಿದ್ದೆ. ಐದು ವಾರ ನಿನ್ನನ್ನ ಬಸ್ಸಲ್ಲಿ ನಿಲ್ಲಿಸ್ದೆ. ಯಾವ ಅಪ್ಪ ಹಾಗೆ ಮಾಡ್ತಾನೆ ಹೇಳು."

"ಹಾಗನ್ಬೇಡ. ಅದು ನಿನ್ನ ಕೈಯಿಂದ ಆಗಿದ್ದಲ್ಲ ಅಪ್ಪ," ಎಂದಳು ಮಗಳು, ಅವನ ಮುಂದೆ ನೆಲದ ಮೇಲೆ ಕೂತು. ಹೇಗಾದರೂ ಅವನನ್ನು ಎತ್ತಿ ನಿಲ್ಲಿಸಬೇಕೆಂದು ಅವಳಿಗೆ. "ಅಣ್ಣನ್ನ ಕೇಳು. ಕೈ ಗಟ್ಟಿಯಿದ್ದೋರಿಗೂ ಹಾಗೇ ಕಿತ್ಕೊಂಡು ಬರುತ್ತಂತೆ. ಪೇಸ್ಟ್ ತಣ್ಣಗಿದ್ರೆ ಅದು ಬಿಡಲ್ಲ. ಮೊದಲು ಬಿಸಿ ಮಾಡ್ಬೇಕಿತ್ತು, ಅಷ್ಟೇ."

"ಹೌದು. ನೀನು ಹೇಳಿದ್ದೆ. ನಾನು ಬೇಡ ಅಂದೆ."

ಮಗಳಿಗೆ ತಾನು ಏನು ಹೇಳಿಬಿಟ್ಟೆ ಎಂದು ಆಮೇಲೆ ತಿಳಿಯಿತು.

"ಕೈ ಹೋಯ್ತು ಅಂತ ನಂಗೆ ಗೊತ್ತಿತ್ತು," ಎಂದ ಅಪ್ಪ. "ತಲೆ ಇನ್ನೂ ಇದೆ ಅಂದ್ಕೊಂಡಿದ್ದೆ. ಕೂತ್ಕೊಂಡು ಇನ್ನೊಬ್ಬರಿಗೆ ಹೇಳಿಕೊಟ್ಟಾದ್ರೂ ಮಾಡಿಸ್ಬಹುದು ಅಂತ ಇತ್ತು."

ಅಮ್ಮ ಎದ್ದು ಬಂದು ಅವನ ಹಿಂದೆ ನಿಂತಳು. ಅಜ್ಜಿ ತನ್ನ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಶಾಲು ಅವಳ ಮಡಿಲಲ್ಲೇ ಇತ್ತು. ಚಳಿ ಎಂದು ಅವಳು ಈ ಸಲ ಅನ್ನಲಿಲ್ಲ.

ಆಗ ಯಾರೋ ಬಾಗಿಲು ಬಡಿದರು. ಮಗಳು ಕಣ್ಣೊರೆಸಿಕೊಂಡು ಹೋಗಿ ಅರ್ಧ ತೆರೆದಳು. ಹಿಂದಿನ ಬೀದಿಯ ಹೆಂಗಸು, ಸೊಂಟದ ಮೇಲೆ ಮಗು.

"ಫ್ರಿಜ್ಜಣ್ಣ ಇದ್ದಾರಾ? ಬೆಳಿಗ್ಗೆಯಿಂದ ಫ್ರಿಜ್ಜು ತಣ್ಣಗಾಗ್ತಿಲ್ಲ. ಮಗುವಿನ ಹಾಲೆಲ್ಲ ಒಡೆದುಹೋಯ್ತು."

ಮಗಳು ತಿರುಗಿ ನೋಡಿದಳು. ಇಲ್ಲ ಅನ್ನು ಎಂದು ಅಪ್ಪ ತಲೆಯಾಡಿಸಿದ.

"ಇಲ್ಲ," ಎಂದಳು.

"ಹೊರಗೆ ಹೋಗಿದ್ದಾರಾ? ಎಷ್ಟೊತ್ತಿಗೆ ಬರ್ತಾರೆ? ಬೇಕಾದ್ರೆ ಇಲ್ಲೇ ಕಾಯ್ತೀನಿ."

ಐದು ವಾರ ಸಲೀಸಾಗಿ ಸುಳ್ಳು ಹೇಳಿದ್ದವಳಿಗೆ ಈಗ ಒಂದು ಮಾತೂ ಬರಲಿಲ್ಲ. ಬಾಗಿಲು ಹಿಡಿದು ನಿಂತಳು.

"ಕಾಯ್ಬೇಡಮ್ಮ," ಎಂದ ಅಪ್ಪ ಒಳಗಿನಿಂದ. "ಫ್ರಿಜ್ಜಣ್ಣ ಇನ್ನು ಬರಲ್ಲ."

ಹೆಂಗಸಿಗೆ ಆ ಧ್ವನಿ ಯಾರದೆಂದು ಗೊತ್ತಾಯಿತು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮೆಟ್ಟಿಲಿಳಿದು ಹೋದಳು.